ಓದುಗರ ಪ್ರಶ್ನೆ, ತಜ್ಞರ ಉತ್ತರ: ಜೀನೋಮ್ ಸೀಕ್ವೆನ್ಸಿಂಗ್ ಕಾರ್ಯಾಗಾರ ನಡೆಸುವವರಿಗೆ, ಸೇರುವವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೀನೋಮ್ ಸೀಕ್ವೆನ್ಸಿಂಗ್ (ಜೀವಿಯ ಇಡೀ ಡಿಎನ್‌ಎಯ ಅಕ್ಷರಗಳನ್ನು, ಅಂದರೆ ಬೇಸ್‌ಗಳನ್ನು, ಓದುವುದು) ಮತ್ತು ಅದರ ದತ್ತಾಂಶ ವಿಶ್ಲೇಷಣೆಯ ತರಬೇತಿಗೆ ಸಂಬಂಧಿಸಿದವು. ಬರೆದವರಲ್ಲಿ ಕಾರ್ಯಾಗಾರ ನಡೆಸುವವರೂ ಇದ್ದಾರೆ, ಕಲಿಯಲು ಹೊರಟವರೂ ಇದ್ದಾರೆ. ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸೂಕ್ಷ್ಮಜೀವಶಾಸ್ತ್ರ ವಿಭಾಗದಲ್ಲಿ 20 ಮಂದಿಗೆ ಐದು ದಿನದ ಕಾರ್ಯಾಗಾರ ಮಾಡಬೇಕೆಂದಿದ್ದೇವೆ. ಚಿಕ್ಕದೊಂದು ನ್ಯಾನೊಪೋರ್ ಯಂತ್ರ (ಸೂಕ್ಷ್ಮ ರಂಧ್ರಗಳ ಮೂಲಕ ಡಿಎನ್‌ಎ ಹಾಯಿಸಿ ಓದುವಂಥದ್ದು) ಇದೆ. ಬ್ಯಾಕ್ಟೀರಿಯಾ, ಮನುಷ್ಯರ ಜೀನೋಮ್, ಆರ್‌ಎನ್‌ಎ, ಮೆಟಾಜೀನೋಮ್ (ಒಂದು ಮಾದರಿಯಲ್ಲಿರುವ ಎಲ್ಲ ಜೀವಿಗಳ ಡಿಎನ್‌ಎ) ಎಲ್ಲವನ್ನೂ ಸೇರಿಸಬಹುದೆ? (ಉಪನ್ಯಾಸಕಿ, ಧಾರವಾಡ)

ಉತ್ತರ: ಸೇರಿಸಬೇಡಿ. ಐದು ದಿನಕ್ಕೆ ಒಂದು ಜೀವಿ, ಒಂದು ಪ್ರಶ್ನೆ ಸಾಕು. ಅದಕ್ಕೆ ಬ್ಯಾಕ್ಟೀರಿಯಾ ಹೇಳಿ ಮಾಡಿಸಿದ್ದು. ಇ. ಕೋಲೈ ಕೆ-12ರ ಜೀನೋಮ್ ಸುಮಾರು 46 ಲಕ್ಷ ಬೇಸ್, ಮನುಷ್ಯರದು 300 ಕೋಟಿಗೂ ಹೆಚ್ಚು. ಮೊದಲನೆಯದನ್ನು, ಓದಿದ ತುಣುಕುಗಳಿಂದ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ಜೋಡಿಸಬಹುದು. ತಪ್ಪಾದರೆ ಅದೇ ದಿನ ಮತ್ತೆ ಮಾಡಬಹುದು, ಕಲಿಕೆಗೆ ಬೇಕಾದದ್ದೂ ಅದೇ.

ಯಂತ್ರ ಮುಟ್ಟುವ ಮೊದಲು ಎಲ್ಲರಿಂದಲೂ ಕಾಗದದ ಮೇಲೆ ಲೆಕ್ಕ ಮಾಡಿಸಿ. ಪ್ರತಿ ಬೇಸನ್ನೂ ಸರಾಸರಿ 50 ಸಲ ಓದಬೇಕೆಂದರೆ 46 ಲಕ್ಷ ಗುಣಿಸು 50, ಅಂದರೆ 23 ಕೋಟಿ ಬೇಸ್ ಬೇಕು. 12 ಮಾದರಿಗಳಿಗೆ 276 ಕೋಟಿ. ಇದೇ ಕೆಲಸವನ್ನು ಇಲ್ಯುಮಿನಾದಲ್ಲಿ (ಚಿಕ್ಕ ತುಣುಕುಗಳನ್ನು ಓದುವ ಯಂತ್ರ) ಎರಡೂ ತುದಿಯಿಂದ 150 ಬೇಸ್ ಓದಿ ಮಾಡಿದರೆ, ಒಂದು ಮಾದರಿಗೆ ಸುಮಾರು ಏಳೂಮುಕ್ಕಾಲು ಲಕ್ಷ ಜೋಡಿ ರೀಡ್‌ಗಳು (ಓದಿದ ತುಣುಕುಗಳು) ಬೇಕು. ಈ ಲೆಕ್ಕ ಬಾರದವರು ಮುಂದೆ ಹಣ ಕೊಟ್ಟು ಸೀಕ್ವೆನ್ಸ್ ಮಾಡಿಸುವಾಗ ಒಂದೋ ಅಗತ್ಯಕ್ಕಿಂತ ಹತ್ತು ಪಟ್ಟು ಖರ್ಚು ಮಾಡುತ್ತಾರೆ, ಇಲ್ಲವೇ ಯಾವುದಕ್ಕೂ ಸಾಲದಷ್ಟು ದತ್ತಾಂಶ ತರುತ್ತಾರೆ.

ದಿನಗಳ ಹಂಚಿಕೆ ಹೀಗಿರಲಿ. ಡಿಎನ್‌ಎಯನ್ನು ಹಿಂದಿನ ವಾರವೇ ಸಂಘಟಕರು ತೆಗೆದಿಟ್ಟಿರಬೇಕು. ಮೊದಲ ದಿನ ಅದನ್ನು ಅಳೆಯುವುದು, ಜೆಲ್‌ನಲ್ಲಿ ನೋಡುವುದು, ರ‍್ಯಾಪಿಡ್ ಬಾರ್‌ಕೋಡಿಂಗ್ ಕಿಟ್‌ನಲ್ಲಿ ಲೈಬ್ರರಿ (ಯಂತ್ರ ಓದುವಂತೆ ಸಿದ್ಧಪಡಿಸಿದ ಡಿಎನ್‌ಎ) ಮಾಡುವುದು. ಈ ಕಿಟ್‌ನಲ್ಲಿ ಕಿಣ್ವವೇ ಡಿಎನ್‌ಎಯನ್ನು ತುಂಡರಿಸಿ ಬಾರ್‌ಕೋಡ್ (ಮಾದರಿಯನ್ನು ಗುರುತಿಸುವ ಡಿಎನ್‌ಎ ತುಣುಕು) ಅಂಟಿಸುತ್ತದೆ: 30 ಡಿಗ್ರಿಯಲ್ಲಿ 2 ನಿಮಿಷ, 80 ಡಿಗ್ರಿಯಲ್ಲಿ 2 ನಿಮಿಷ. ಆಮೇಲೆ ಡಿಎನ್‌ಎ ಅಂಟುವ ಕಾಂತೀಯ ಮಣಿಗಳಿಂದ ಶುದ್ಧೀಕರಣ. ಸಂಜೆಗೆ ಯಂತ್ರಕ್ಕೆ ಹಾಕಿದರೆ ರಾತ್ರಿಯಿಡೀ ಓಡುತ್ತದೆ. ಎರಡನೇ ದಿನ ಲಿನಕ್ಸ್ ಮತ್ತು ಗುಣಮಟ್ಟದ ಪರಿಶೀಲನೆ, ಮೂರನೇ ದಿನ ಜೋಡಣೆ, ನಾಲ್ಕನೇ ದಿನ ರೂಪಾಂತರಗಳು (ಆಧಾರವಾಗಿಟ್ಟ ರೆಫರೆನ್ಸ್ ಜೀನೋಮ್‌ಗಿಂತ ಬೇರೆಯಾದ ಬೇಸ್‌ಗಳು) ಮತ್ತು ಔಷಧ ನಿರೋಧಕ ವಂಶವಾಹಿಗಳ ಹುಡುಕಾಟ. ಐದನೇ ದಿನಕ್ಕೆ ಹೊಸ ಪಾಠ ಬೇಡ, ಅಂದು ಹಿಂದೆ ಬಿದ್ದವರು ಮುಗಿಸಲಿ.

ಹೋದ ತಿಂಗಳ ಒಳ್ಳೆಯ ಓಟವೊಂದರ ದತ್ತಾಂಶವನ್ನು ಡಿಸ್ಕಿನಲ್ಲಿ ಇಟ್ಟುಕೊಂಡೇ ಕಾರ್ಯಾಗಾರ ಶುರು ಮಾಡಿ. ರಾತ್ರಿ ಕರೆಂಟ್ ಹೋಗಬಹುದು, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಬಹುದು, ವಿಂಡೋಸ್ ತಾನಾಗಿ ಅಪ್‌ಡೇಟ್ ಆಗಿ ಮರುಚಾಲನೆ ಆಗಬಹುದು. ಈ ಮೂರರಲ್ಲಿ ಯಾವುದಾದರೂ ಒಂದು ಓಟವನ್ನು ನಿಲ್ಲಿಸಲು ಸಾಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ತಂಡಗಳಿಗೆ ಒಳ್ಳೆಯ ದತ್ತಾಂಶವನ್ನಷ್ಟೇ ಕೊಡಬೇಡಿ. ಒಂದು ತಂಡಕ್ಕೆ ಸರಿಯಾದದ್ದು, ಇನ್ನೊಂದಕ್ಕೆ ಬರೀ 8 ಪಟ್ಟು ಆಳದ್ದು (ಪ್ರತಿ ಬೇಸನ್ನು ಸರಾಸರಿ 8 ಸಲ ಮಾತ್ರ ಓದಿದ್ದು), ಮತ್ತೊಂದಕ್ಕೆ ಶೇ 15ರಷ್ಟು ಸ್ಟ್ಯಾಫಿಲೊಕಾಕಸ್ ಆರಿಯಸ್ ರೀಡ್‌ಗಳನ್ನು ಬೆರೆಸಿದ್ದು, ನಾಲ್ಕನೆಯದಕ್ಕೆ ಮಾದರಿಗಳ ಹೆಸರು ಅದಲುಬದಲಾದದ್ದು, ಹೀಗೆ ಹೇಳದೆಯೇ ಹಂಚಿ. ಬೆರಕೆಯ ತಂಡದವರ ಜೋಡಣೆ 46 ಲಕ್ಷದ ಬದಲು 74 ಲಕ್ಷದ ಹತ್ತಿರ ಬರುತ್ತದೆ. ಜಿಸಿ ಪ್ರಮಾಣದ (ಜಿ ಮತ್ತು ಸಿ ಬೇಸ್‌ಗಳ ಪಾಲು) ನಕ್ಷೆಯಲ್ಲಿ ಶೇ 51ರ ಬಳಿ ಒಂದು ದಿಬ್ಬ, ಶೇ 33ರ ಬಳಿ ಇನ್ನೊಂದು ಕಾಣುತ್ತದೆ. ಆದರೂ ಯಾವ ಪ್ರೋಗ್ರಾಂ ಕೂಡ ದೋಷದ ಸಂದೇಶ ಕೊಟ್ಟಿರುವುದಿಲ್ಲ. ಆದೇಶ ಸರಿಯಾಗಿ ಓಡಿತು ಎಂದರೆ ಉತ್ತರವೂ ಸರಿ ಎಂಬ ನಂಬಿಕೆ ಹೋಗುವುದು ಇಂಥ ಅಭ್ಯಾಸದಿಂದಲೇ. ಇದಕ್ಕೆ ಕನಿಷ್ಠ ಅರ್ಧ ದಿನ ಮೀಸಲಿಡಿ, ಬೇಕಾದರೆ ಉದ್ಘಾಟನಾ ಸಮಾರಂಭವನ್ನು ಮೊಟಕು ಮಾಡಿ.

ಪ್ರಶ್ನೆ: ಕೋಡಿಂಗ್ ಬಾರದವರು ಇಂಥ ಕಾರ್ಯಾಗಾರಕ್ಕೆ ಸೇರಬಹುದೆ? (ಸಂಶೋಧನಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಖಂಡಿತ. ಗ್ಯಾಲಕ್ಸಿ ಎಂಬ ಉಚಿತ ವೇದಿಕೆಯಲ್ಲಿ ಬ್ರೌಸರ್ ಮೂಲಕವೇ ಎಲ್ಲ ಹಂತಗಳನ್ನೂ ಮಾಡಬಹುದು. ಆದರೂ ಹೋಗುವ ಮೊದಲು ಲಿನಕ್ಸ್‌ನಲ್ಲಿ ನಾಲ್ಕು ಕೆಲಸ ರೂಢಿ ಮಾಡಿಕೊಳ್ಳಿ: ತಾನು ಯಾವ ಫೋಲ್ಡರ್‌ನಲ್ಲಿದ್ದೇನೆ ಎಂದು ತಿಳಿಯುವುದು, ಅಲ್ಲಿಂದ ಬೇರೆಡೆ ಹೋಗುವುದು, ದೊಡ್ಡ ಫೈಲಿನ ಮೊದಲ ಹತ್ತು ಸಾಲು ನೋಡುವುದು, ಸಾಲುಗಳನ್ನು ಎಣಿಸುವುದು. ಫಾಸ್ಟ್‌ಕ್ಯೂ ಫೈಲಿನಲ್ಲಿ ಒಂದು ರೀಡ್‌ಗೆ ನಾಲ್ಕು ಸಾಲು. ಸಾಲುಗಳ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ ರೀಡ್‌ಗಳು ಎಷ್ಟೆಂದು ತಿಳಿಯುತ್ತದೆ. ಭಾಗಿಸಿದಾಗ ಶೇಷ ಉಳಿದರೆ ಫೈಲ್ ಅರ್ಧಕ್ಕೇ ಡೌನ್‌ಲೋಡ್ ಆಗಿ ತುಂಡಾಗಿರುವ ಸಂಭವ ಹೆಚ್ಚು.

ಪ್ರಶ್ನೆ: ತರಬೇತಿಯಲ್ಲಿ ಮಿನ್‌ಅಯಾನ್ ಎಂಬ ನ್ಯಾನೊಪೋರ್ ಯಂತ್ರದ ಫ್ಲೋ ಸೆಲ್ (ರಂಧ್ರಗಳಿರುವ ಫಲಕ) ಪರೀಕ್ಷಿಸಿದಾಗ 1,300ಕ್ಕೂ ಹೆಚ್ಚು ರಂಧ್ರಗಳು ಕೆಲಸ ಮಾಡುತ್ತಿದ್ದವು. ಲೈಬ್ರರಿ ಹಾಕಿದ ಮೇಲೆ 300ಕ್ಕೆ ಇಳಿಯಿತು. ಕಿಟ್ ಕೆಟ್ಟಿತ್ತೇ? (ತಾಂತ್ರಿಕ ಸಹಾಯಕರು, ಮಂಗಳೂರು)

ಉತ್ತರ: ಪರೀಕ್ಷೆಯಲ್ಲಿ ಚೆನ್ನಾಗಿದ್ದು, ತುಂಬಿಸಿದ ಕೂಡಲೇ ಇಷ್ಟು ಕುಸಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಗಾಳಿಗುಳ್ಳೆಯನ್ನು. ರಂಧ್ರಗಳು ಕೂತಿರುವುದು ತೆಳುವಾದ ಪೊರೆಯಲ್ಲಿ. ಗಾಳಿಗುಳ್ಳೆ ಅದರ ಮೇಲೆ ಹಾದುಹೋದ ಕಡೆಯೆಲ್ಲ ಪೊರೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ತಯಾರಕರು ಈ ಫ್ಲೋ ಸೆಲ್‌ಗೆ ಖಾತರಿ ಕೊಡುವುದು 800 ರಂಧ್ರಗಳಿಗೆ. ನಿಮ್ಮದು ಅದಕ್ಕಿಂತ ಬಹಳ ಮೇಲಿತ್ತು, ಹಾಗಾಗಿ ಸಾಮಾನಿನ ದೋಷ ಎನ್ನುವಂತಿಲ್ಲ.

ಕ್ರಮ ಹೀಗೆ. ಫ್ರಿಜ್‌ನಿಂದ ತೆಗೆದ ಫ್ಲೋ ಸೆಲ್ ಕೋಣೆಯ ಉಷ್ಣತೆಗೆ ಬರಲಿ. ಪ್ರೈಮಿಂಗ್ ರಂಧ್ರದ (ದ್ರವ ತುಂಬಿಸುವ ಬಾಯಿ) ಮುಚ್ಚಳ ಸರಿಸಿ. 1,000 ಮೈಕ್ರೊಲೀಟರ್ ಪಿಪೆಟ್ಟನ್ನು 200ಕ್ಕೆ ಇಟ್ಟು, ತುದಿಯನ್ನು ರಂಧ್ರಕ್ಕೆ ನೇರವಾಗಿ ಕೂರಿಸಿ, ಗುಂಡಿ ಒತ್ತದೆ ಚಕ್ರವನ್ನಷ್ಟೇ ತಿರುಗಿಸಿ 220ರಿಂದ 230ರವರೆಗೆ ತನ್ನಿ. ತುದಿಯಲ್ಲಿ ಸ್ವಲ್ಪ ದ್ರವ ಕಂಡರೆ ರಂಧ್ರದ ಬಾಯಲ್ಲಿದ್ದ ಗಾಳಿ ಹೊರಬಂದಿದೆ ಎಂದರ್ಥ. ಇದಕ್ಕಿಂತ ಹೆಚ್ಚು ಎಳೆಯಬೇಡಿ, ಒಳಗಿನ ದ್ರವ ಖಾಲಿಯಾದರೆ ರಂಧ್ರಗಳೇ ಒಣಗುತ್ತವೆ. ಬಳಿಕ 800 ಮೈಕ್ರೊಲೀಟರ್ ಪ್ರೈಮಿಂಗ್ ಮಿಶ್ರಣವನ್ನು ನಿಧಾನವಾಗಿ ಬಿಡಿ. ಪಿಪೆಟ್ಟಿನಲ್ಲಿ ಕೊನೆಯ ಹನಿ ಉಳಿದಿರುವಾಗಲೇ ನಿಲ್ಲಿಸಿ, ಪೂರ್ತಿ ಒತ್ತಿದರೆ ಬಾಲದಲ್ಲಿ ಗಾಳಿ ಸೇರುತ್ತದೆ. 5 ನಿಮಿಷ ಕಾಯಿರಿ. ಆಮೇಲೆ ಸ್ಪಾಟ್‌ಆನ್ (ಲೈಬ್ರರಿ ಹಾಕುವ ಬಾಯಿ) ಮುಚ್ಚಳ ಎತ್ತಿ, ಇನ್ನೊಂದು 200 ಮೈಕ್ರೊಲೀಟರ್ ಮಿಶ್ರಣವನ್ನು ಮತ್ತೆ ಪ್ರೈಮಿಂಗ್ ರಂಧ್ರದ ಮೂಲಕವೇ ಹಾಕಿ. ಇಲ್ಲಿ ಬಹಳ ಮಂದಿ ಸ್ಪಾಟ್‌ಆನ್‌ಗೆ ಹಾಕಿಬಿಡುತ್ತಾರೆ. ಕೊನೆಗೆ 75 ಮೈಕ್ರೊಲೀಟರ್ ಲೈಬ್ರರಿಯನ್ನು ಸ್ಪಾಟ್‌ಆನ್ ಮೇಲೆ ಹನಿಹನಿಯಾಗಿ ಬಿಡಿ, ಒಂದು ಹನಿ ಒಳಗೆ ಇಳಿದ ಮೇಲೆ ಇನ್ನೊಂದು. ಲೈಬ್ರರಿಯಲ್ಲಿರುವ ಮಣಿಗಳು ಬೇಗ ತಳಕ್ಕೆ ಕೂರುತ್ತವೆ. ಹಾಕುವ ಕ್ಷಣಕ್ಕೆ ಮುಂಚೆ ಪಿಪೆಟ್ಟಿನಿಂದ ಮೇಲೆಕೆಳಗೆ ಮಾಡಿ ಬೆರೆಸದಿದ್ದರೆ ಡಿಎನ್‌ಎಯಲ್ಲಿ ಅರ್ಧ ಟ್ಯೂಬಿನಲ್ಲೇ ಉಳಿಯುತ್ತದೆ.

20 ಮಂದಿಗೆ ಇದನ್ನು ಹೊಸ ಫ್ಲೋ ಸೆಲ್‌ನಲ್ಲಿ ಕಲಿಸುವುದು ಸಾಧ್ಯವಿಲ್ಲ, ಬೆಲೆ ಅಷ್ಟಿದೆ. ಬಳಸಿ ಮುಗಿದವನ್ನು ಎಸೆಯದೆ ತೊಳೆದು ಇಟ್ಟುಕೊಳ್ಳಿ, ಪರಿಚಯದ ಪ್ರಯೋಗಾಲಯಗಳಿಂದಲೂ ಕೇಳಿ ತನ್ನಿ. ಅಡುಗೆ ಬಣ್ಣ ಹಾಕಿದ ನೀರಿನಲ್ಲಿ ಪ್ರತಿಯೊಬ್ಬರೂ ಎರಡೆರಡು ಸಲ ತುಂಬಿಸಲಿ. ಬಣ್ಣದ ನೀರಿನಲ್ಲಿ ಗಾಳಿ ಸಾಗುವುದು ಕಣ್ಣಿಗೆ ಕಾಣುತ್ತದೆ. ಹೊಸದಕ್ಕೆ ಕೈ ಹಾಕುವವರು ಆಮೇಲೆ ಒಬ್ಬರೇ ಇರಲಿ, ಉಳಿದವರು ಪಕ್ಕದಲ್ಲಿ ನಿಂತು ಹಂತಗಳನ್ನು ಗಟ್ಟಿಯಾಗಿ ಓದಲಿ.

ಗಾಳಿಗುಳ್ಳೆ ಕಾರಣ ಅಲ್ಲವೆಂದು ಖಾತ್ರಿಯಾದರೆ ಡಿಎನ್‌ಎಯ ಶುದ್ಧತೆ ನೋಡಿ. ಆಗ ಕುಸಿತ ಒಮ್ಮೆಲೇ ಆಗುವುದಿಲ್ಲ, ಗಂಟೆಗಂಟೆಗೂ ರಂಧ್ರಗಳು ಮುಚ್ಚಿಕೊಳ್ಳುತ್ತ ಹೋಗುತ್ತವೆ. ಅಂಥ ಓಟವನ್ನು ನಿಲ್ಲಿಸಿ, ತೊಳೆಯುವ ಕಿಟ್ ಬಳಸಿದರೆ ಒಂದಷ್ಟು ರಂಧ್ರಗಳು ಮರಳುತ್ತವೆ. ಆ ಕಿಟ್‌ನಲ್ಲಿರುವುದು ಡಿಎನ್‌ಎಯನ್ನು ಜೀರ್ಣಿಸುವ ಕಿಣ್ವ, ಅದಕ್ಕೆ ಒಂದು ಗಂಟೆ ಸಮಯ ಕೊಡಬೇಕು. ತೊಳೆದ ಮೇಲೂ ಹಳೆಯ ಮಾದರಿಯ ಲವಲೇಶ ಉಳಿಯುವುದರಿಂದ ಎರಡನೇ ಓಟಕ್ಕೆ ಬೇರೆ ಬಾರ್‌ಕೋಡ್‌ಗಳನ್ನೇ ಬಳಸಿ.

ಪ್ರಶ್ನೆ: ಅಡಿಕೆ ಎಲೆಯ ಡಿಎನ್‌ಎ ತೆಗೆದು ಕಾರ್ಯಾಗಾರಕ್ಕೆ ಒಯ್ದಿದ್ದೆ. ನ್ಯಾನೊಡ್ರಾಪ್‌ನಲ್ಲಿ 210 ನ್ಯಾನೊಗ್ರಾಂ ತೋರಿಸಿದ್ದು ಕ್ಯೂಬಿಟ್‌ನಲ್ಲಿ 38 ಬಂತು. ಲೈಬ್ರರಿಯೂ ಆಗಲಿಲ್ಲ. ಯಾವುದನ್ನು ನಂಬಬೇಕು? (ಸಂಶೋಧಕಿ, ಶಿವಮೊಗ್ಗ)

ಉತ್ತರ: ಪ್ರಮಾಣಕ್ಕೆ ಕ್ಯೂಬಿಟ್ಟನ್ನು ನಂಬಿ, ಶುದ್ಧತೆಗೆ ನ್ಯಾನೊಡ್ರಾಪ್ ನೋಡಿ. ನ್ಯಾನೊಡ್ರಾಪ್ 260 ನ್ಯಾನೊಮೀಟರ್ ಬೆಳಕನ್ನು ಹೀರುವ ಎಲ್ಲವನ್ನೂ ಎಣಿಸುತ್ತದೆ: ಆರ್‌ಎನ್‌ಎ, ಒಂಟಿ ಎಳೆಯ ಡಿಎನ್‌ಎ, ಫೀನಾಲ್ ಕೂಡ. ಕ್ಯೂಬಿಟ್‌ನ ಬಣ್ಣ ಜೋಡಿ ಎಳೆಯ ಡಿಎನ್‌ಎಗೆ ಅಂಟಿದಾಗ ಮಾತ್ರ ಹೊಳೆಯುತ್ತದೆ. ಇವೆರಡರ ನಡುವೆ ಐದು ಪಟ್ಟಿಗೂ ಹೆಚ್ಚು ಅಂತರ ಬಂದರೆ ಮಾದರಿಯಲ್ಲಿ ಬೇರೆ ಪದಾರ್ಥ ತುಂಬಿದೆ ಎಂದೇ ತಿಳಿಯಿರಿ.

ನ್ಯಾನೊಡ್ರಾಪ್‌ನ ಎರಡು ಅನುಪಾತಗಳನ್ನು ಬರೆದಿಟ್ಟುಕೊಳ್ಳಿ. 260/280 ಸುಮಾರು 1.8 ಇರಬೇಕು. 260/230 ಎರಡರ ಮೇಲೆ ಇರಬೇಕು, 2.0ರಿಂದ 2.2 ಒಳ್ಳೆಯದು. ಅಡಿಕೆ, ಕಾಫಿ, ಮಾವಿನಂಥ ಗಿಡಗಳಲ್ಲಿ ಕೈಕೊಡುವುದು ಈ ಎರಡನೆಯದೇ. ಪಾಲಿಫೀನಾಲ್ ಮತ್ತು ಅಂಟು ಪಾಲಿಸ್ಯಾಕರೈಡ್‌ಗಳು ಡಿಎನ್‌ಎ ಜೊತೆಗೇ ತಳಕ್ಕೆ ಬರುತ್ತವೆ. ತಳದಲ್ಲಿ ಕೂತದ್ದು ಕಂದು ಬಣ್ಣಕ್ಕಿದ್ದರೆ ಪಾಲಿಫೀನಾಲ್ ಉತ್ಕರ್ಷಣೆಗೊಂಡಿದೆ. ಲೋಳೆಯಂತಿದ್ದು ನೀರಿನಲ್ಲಿ ಕರಗದಿದ್ದರೆ ಪಾಲಿಸ್ಯಾಕರೈಡ್.

ಆರಂಭದಿಂದಲೇ ಸರಿಪಡಿಸಿ. ಬಲಿತ ಎಲೆ ಬಿಟ್ಟು, ಇನ್ನೂ ಬಿಚ್ಚದ ಎಳೆಯ ಸುಳಿ ಎಲೆ ತೆಗೆದುಕೊಳ್ಳಿ. ಸಾಧ್ಯವಿದ್ದರೆ ಗಿಡವನ್ನು ಒಂದೆರಡು ದಿನ ಕತ್ತಲಲ್ಲಿಟ್ಟು ಆಮೇಲೆ ಕೀಳಿ, ಪಿಷ್ಟ ಕಡಿಮೆಯಾಗುತ್ತದೆ. ದ್ರವ ಸಾರಜನಕದಲ್ಲಿ ಅರೆದ ಪುಡಿಯನ್ನು ನೇರ ಸಿಟಿಎಬಿಗೆ (ಜೀವಕೋಶ ಒಡೆಯುವ ಮಾರ್ಜಕ) ಹಾಕದೆ, 0.35 ಮೋಲಾರ್ ಸಾರ್ಬಿಟಾಲ್ ದ್ರಾವಣದಲ್ಲಿ ಒಂದೆರಡು ಸಲ ತೊಳೆಯಿರಿ. ಜೀವಕೋಶದ ಕೇಂದ್ರ ಒಡೆಯದೆ ಅಂಟು ಪದಾರ್ಥ ಹೊರಹೋಗುತ್ತದೆ. ಮೇಲಿನ ದ್ರವ ತಿಳಿಯಾಗುವವರೆಗೆ ಮಾಡಿ. ಬಳಿಕ ಶೇ 2ರ ಸಿಟಿಎಬಿ, 1.4 ಮೋಲಾರ್ ಉಪ್ಪು, ಶೇ 1ರಿಂದ 2ರಷ್ಟು ಪಿವಿಪಿ (ಪಾಲಿಫೀನಾಲ್ ಹಿಡಿದಿಡುವ ಪದಾರ್ಥ) ಇರುವ ದ್ರಾವಣ. ಬೀಟಾ ಮರ್ಕ್ಯಾಪ್ಟೊಎಥನಾಲನ್ನು ಬಳಸುವ ಹೊತ್ತಿಗಷ್ಟೇ, ಫ್ಯೂಮ್ ಹುಡ್ ಒಳಗೆ ಸೇರಿಸಿ. 65 ಡಿಗ್ರಿಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇಟ್ಟು, ಕ್ಲೋರೊಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್‌ನ 24:1 ಮಿಶ್ರಣದಿಂದ ಎರಡು ಸಲ ಬೇರ್ಪಡಿಸಿ. ಆರ್‌ಎನ್‌ಏಸ್ (ಆರ್‌ಎನ್‌ಎ ಜೀರ್ಣಿಸುವ ಕಿಣ್ವ) ಮರೆಯಬೇಡಿ, ನಿಮ್ಮ 210ರಲ್ಲಿ ಬಹುಪಾಲು ಆರ್‌ಎನ್‌ಎಯೇ ಇದ್ದಿರಬಹುದು.

ಈಗ ಕೈಲಿರುವ ಮಾದರಿಯಲ್ಲಿ ತಡೆಯುವ ಪದಾರ್ಥ ಇದೆಯೇ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಅದನ್ನು ಹತ್ತು ಪಟ್ಟು ತೆಳುಗೊಳಿಸಿ, ಮೂಲದ್ದು ಮತ್ತು ತೆಳುವಾದದ್ದು ಎರಡರಲ್ಲೂ ಪಿಸಿಆರ್ ಮಾಡಿ. ತೆಳುವಾದದ್ದರಲ್ಲಿ ಬ್ಯಾಂಡ್ ಬಂದು ಮೂಲದ್ದರಲ್ಲಿ ಬಾರದಿದ್ದರೆ ಕಾರಣ ಸಿಕ್ಕಂತೆ.

ಮಣಿಗಳ ಶುದ್ಧೀಕರಣದ ಬಗ್ಗೆಯೂ ಎರಡು ಮಾತು, ಕಾರ್ಯಾಗಾರಗಳಲ್ಲಿ ಡಿಎನ್‌ಎ ಕಳೆದುಹೋಗುವ ಜಾಗವೇ ಅದು. ಮಣಿಗಳನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಶೇ 80ರ ಎಥನಾಲನ್ನು ಅಂದೇ ಮಾಡಿಕೊಳ್ಳಿ: ಹಳೆಯದರಲ್ಲಿ ಆಲ್ಕೊಹಾಲ್ ಆವಿಯಾಗಿ ನೀರಿನ ಪಾಲು ಹೆಚ್ಚಿರುತ್ತದೆ, ತೊಳೆಯುವಾಗ ಡಿಎನ್‌ಎಯೂ ಹೋಗುತ್ತದೆ. ಒಣಗಿಸುವಾಗ ಮಣಿಗಳ ಹೊಳಪು ಮಾಸಿದರೆ ಸಾಕು, ಬಿರುಕು ಬಿಡುವವರೆಗೆ ಕಾದರೆ ಡಿಎನ್‌ಎ ಬಿಟ್ಟುಬರುವುದಿಲ್ಲ.

ಪ್ರಶ್ನೆ: ಹೋದ ಸಲ ಮೊದಲ ದಿನವಿಡೀ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು. ತಪ್ಪಿಸುವುದು ಹೇಗೆ? (ಸಂಘಟಕರು, ಮೈಸೂರು)

ಉತ್ತರ: ಹತ್ತು ದಿನ ಮೊದಲೇ ಸೂಚನೆ ಕಳಿಸಿ, ಕೊನೆಯಲ್ಲೊಂದು ಪರೀಕ್ಷಾ ಆದೇಶ ಕೊಡಿ. ಅದರ ಪರದೆಯ ಚಿತ್ರ ಕಳಿಸಿದವರಿಗೆ ಮಾತ್ರ ಪ್ರವೇಶ ಖಚಿತ ಮಾಡಿ. ಕಠಿಣ ಎನಿಸಬಹುದು, ಆದರೆ ಒಬ್ಬರ ಲ್ಯಾಪ್‌ಟಾಪ್‌ಗಾಗಿ 19 ಮಂದಿ ಕಾಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ವಿಂಡೋಸ್ ಇರುವವರಿಗೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಬೇಕು. ಪ್ರತಿ ಹಂತದ ಟೂಲ್‌ಗಳಿಗೆ ಬಯೋಕೊಂಡಾ (ಜೈವಿಕ ಸಾಫ್ಟ್‌ವೇರ್‌ಗಳ ಉಚಿತ ಭಂಡಾರ) ಮೂಲಕ ಪ್ರತ್ಯೇಕ ಪರಿಸರ ಮಾಡಿ, ಆವೃತ್ತಿಯ ಸಂಖ್ಯೆಗಳನ್ನು ಫೈಲಿನಲ್ಲಿ ನಿಗದಿಪಡಿಸಿ. ಎಲ್ಲವನ್ನೂ ಒಂದೇ ಪರಿಸರಕ್ಕೆ ತುರುಕಿದರೆ ಒಂದರ ಪೈಥಾನ್ ಇನ್ನೊಂದಕ್ಕೆ ಒಗ್ಗದೆ ಗಂಟೆಗಟ್ಟಲೆ ಲೆಕ್ಕ ಹಾಕುತ್ತ ಕೂರುತ್ತದೆ. ದತ್ತಾಂಶವನ್ನು ವೈಫೈನಲ್ಲಿ ಇಳಿಸಿಕೊಳ್ಳಲು ಬಿಡಬೇಡಿ, 3 ಜಿಬಿ ಫೈಲನ್ನು 20 ಮಂದಿ ಒಟ್ಟಿಗೆ ಎಳೆದರೆ 60 ಜಿಬಿ. ಪೆನ್‌ಡ್ರೈವ್‌ಗಳಲ್ಲಿ ಕೊಡಿ.

ಪದೇ ಪದೇ ಕಾಡುವ ಕೆಲವು ತೊಂದರೆಗಳಿವೆ. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಆದೇಶ ಮುರಿಯುತ್ತದೆ. ಮಾದರಿಗಳ ಪಟ್ಟಿಯನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದರೆ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಅಕ್ಷರವೊಂದು ಸೇರಿ, ಎದುರಿಗೇ ಇರುವ ಫೈಲ್ ಇಲ್ಲವೆಂದು ಲಿನಕ್ಸ್ ಹೇಳುತ್ತದೆ. ಕಾರಣ ಹೇಳದೆ ಪ್ರೋಗ್ರಾಂ ಸತ್ತು ‘ಕಿಲ್ಡ್’ ಎಂದಷ್ಟೇ ಬಂದರೆ ಸಾಮಾನ್ಯವಾಗಿ ಮೆಮೊರಿ ಸಾಲದಾಗಿದೆ. ರೀಡ್‌ಗಳು ಯಾವ ಜೀವಿಯವೆಂದು ಗುರುತಿಸುವ ಕ್ರೇಕನ್ 2 ತನ್ನ ಇಡೀ ಡೇಟಾಬೇಸನ್ನು ಮೆಮೊರಿಗೆ ತುಂಬಿಕೊಳ್ಳುತ್ತದೆ. ಅದರ 8 ಜಿಬಿಯ ಕಿರು ಆವೃತ್ತಿಯೂ 8 ಜಿಬಿ ಲ್ಯಾಪ್‌ಟಾಪಿನಲ್ಲಿ ಓಡದು, 16 ಜಿಬಿ ಬೇಕು. ನ್ಯಾನೊಪೋರ್‌ನ ಕಚ್ಚಾ ಸಂಕೇತವನ್ನು ಬೇಸ್‌ಗಳಾಗಿ ಓದುವ ಡೊರಾಡೊವನ್ನು ಅತಿ ನಿಖರ ಮಾಡೆಲ್‌ನಲ್ಲಿ ಓಡಿಸಲು ಒಳ್ಳೆಯ ಜಿಪಿಯು ಇರುವ ಒಂದು ಯಂತ್ರ ಸಾಕು, ಅದನ್ನು ಪ್ರತಿಯೊಬ್ಬರಿಂದಲೂ ಮಾಡಿಸುವ ಅಗತ್ಯವಿಲ್ಲ.

ಲ್ಯಾಪ್‌ಟಾಪ್‌ಗಳು ತೀರ ಹಳೆಯವಾದರೆ ಯುರೋಪಿನ ಗ್ಯಾಲಕ್ಸಿ ಸರ್ವರ್‌ಗೆ ಕೆಲವು ವಾರ ಮೊದಲು ಅರ್ಜಿ ಹಾಕಿ. ತರಬೇತಿಗೆಂದೇ ಪ್ರತ್ಯೇಕ ಸರದಿ ಸಾಲು ಮೀಸಲಿಡುತ್ತಾರೆ, ಶುಲ್ಕವಿಲ್ಲ. ಸಹಾಯಕರು ಆರೇಳು ಮಂದಿಗೆ ಒಬ್ಬರಂತೆ ಇರಲಿ. ಕಾರ್ಪೆಂಟ್ರೀಸ್ ಸಂಸ್ಥೆಯ ಕಾರ್ಯಾಗಾರಗಳ ಪದ್ಧತಿ ಅನುಕರಿಸುವಂಥದ್ದು: ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ, ಸಿಕ್ಕಿಕೊಂಡವರು ಒಂದು ಬಣ್ಣದ್ದನ್ನು ಪರದೆಗೆ ಅಂಟಿಸುತ್ತಾರೆ, ಮುಗಿಸಿದವರು ಇನ್ನೊಂದನ್ನು. ಕೈ ಎತ್ತಲು ಸಂಕೋಚಪಡುವವರಿಗೂ ಸಹಾಯ ಸಿಗುತ್ತದೆ.

ಪ್ರಶ್ನೆ: ಫಾಸ್ಟ್‌ಕ್ಯೂಸಿ (ರೀಡ್‌ಗಳ ಗುಣಮಟ್ಟ ಪರೀಕ್ಷಿಸುವ ಪ್ರೋಗ್ರಾಂ) ವರದಿಯಲ್ಲಿ ಮೂರು ಕಡೆ ಕೆಂಪು ಗುರುತು ಬಂದಿದೆ. ದತ್ತಾಂಶ ಎಸೆಯಬೇಕೆ? (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಕೆಂಪು ಎಂದರೆ ಕೆಟ್ಟದ್ದು ಎಂದಲ್ಲ. ಇಡೀ ಜೀನೋಮನ್ನು ಸಮವಾಗಿ ಓದಿದಾಗ ಹೇಗಿರಬೇಕೋ ಹಾಗಿಲ್ಲ ಎಂದಷ್ಟೇ ಅರ್ಥ. ಆರ್‌ಎನ್‌ಎ ದತ್ತಾಂಶದಲ್ಲಿ ಮೊದಲ ಹತ್ತು ಹದಿನೈದು ಬೇಸ್‌ಗಳ ಅನುಪಾತ ಏರುಪೇರಾಗಿರುವುದು ಸಹಜ, ಪ್ರೈಮರ್‌ಗಳು ಅಂಟುವ ರೀತಿಯಿಂದ ಅದು ಬರುತ್ತದೆ. ನಕಲು ರೀಡ್‌ಗಳು ಹೆಚ್ಚಿರುವುದೂ ಅಲ್ಲಿ ಸಹಜ. ಅಡಾಪ್ಟರ್ (ಲೈಬ್ರರಿ ಮಾಡುವಾಗ ಅಂಟಿಸಿದ ತುಣುಕು) ಕೆಂಪಾದರೆ ಫಾಸ್ಟ್‌ಪಿ ಎಂಬ ಪ್ರೋಗ್ರಾಂನಿಂದ ಕತ್ತರಿಸಿ. ನೆಕ್ಸ್ಟ್‌ಸೀಕ್, ನೋವಾಸೀಕ್ ಯಂತ್ರಗಳ ದತ್ತಾಂಶವಾದರೆ ರೀಡ್‌ಗಳ ಕೊನೆಯಲ್ಲಿ ಸಾಲುಸಾಲಾಗಿ ಜಿ ಅಕ್ಷರ ಇದೆಯೇ ನೋಡಿ. ಈ ಯಂತ್ರಗಳು ಎರಡೇ ಬಣ್ಣ ಬಳಸುವುದರಿಂದ ಬೆಳಕೇ ಬಾರದಿದ್ದಾಗ ಅದನ್ನು ಜಿ ಎಂದು ಓದುತ್ತವೆ, ಅದೂ ಒಳ್ಳೆಯ ಅಂಕದೊಂದಿಗೆ. ಅಂಕದ ಅರ್ಥ ನೆನಪಿರಲಿ: ಕ್ಯೂ20 ಎಂದರೆ ನೂರರಲ್ಲಿ ಒಂದು ತಪ್ಪಿನ ಸಾಧ್ಯತೆ, ಕ್ಯೂ30 ಎಂದರೆ ಸಾವಿರದಲ್ಲಿ ಒಂದು.

ಪ್ರಶ್ನೆ: ಬ್ಯಾಕ್ಟೀರಿಯಾದ ರೂಪಾಂತರಗಳನ್ನು ಹುಡುಕಿದಾಗ ಎಷ್ಟೋ ಕಡೆ ಎರಡೆರಡು ಅಕ್ಷರ ತೋರಿಸುತ್ತದೆ. ಒಂದೇ ಪ್ರತಿ ಇರುವ ಜೀವಿಯಲ್ಲಿ ಇದು ಹೇಗೆ ಸಾಧ್ಯ? (ಪಶುವೈದ್ಯ ಸಂಶೋಧಕರು, ಬೀದರ್)

ಉತ್ತರ: ರೂಪಾಂತರ ಹುಡುಕುವ ಬಿಸಿಎಫ್‌ಟೂಲ್ಸ್, ಬೇರೆ ಹೇಳದಿದ್ದರೆ, ಜೀವಿಗೆ ಜೀನೋಮ್‌ನ ಎರಡು ಪ್ರತಿ ಇದೆ ಎಂದೇ ಭಾವಿಸುತ್ತದೆ. ಪ್ರತಿಯ ಸಂಖ್ಯೆಯನ್ನು ಒಂದಕ್ಕೆ ಹೊಂದಿಸಿ. ಆದರೆ ಹೊಂದಿಸಿ ಮರೆಯಬೇಡಿ. ಎರಡು ಪ್ರತಿಯ ಲೆಕ್ಕದಲ್ಲಿ ಬಂದ ಆ ಜಾಗಗಳು ಬೆರಳೆಣಿಕೆಯಷ್ಟಿದ್ದು, ಪುನರಾವರ್ತಿತ ವಂಶವಾಹಿಗಳಲ್ಲೇ ಗುಂಪಾಗಿದ್ದರೆ ರೀಡ್‌ಗಳು ತಪ್ಪು ಜಾಗಕ್ಕೆ ಹೊಂದಿಕೊಂಡಿವೆ. ಜೀನೋಮ್ ಉದ್ದಕ್ಕೂ ನೂರಾರು ಕಡೆ ಹರಡಿದ್ದರೆ ನಿಮ್ಮ ಕಲ್ಚರ್‌ನಲ್ಲಿ ಎರಡು ತಳಿ ಬೆರೆತಿರಬಹುದು. ಒಂದಕ್ಕೆ ಹೊಂದಿಸಿದ ಕೂಡಲೇ ಆ ಸುಳಿವು ಅಳಿಸಿಹೋಗುತ್ತದೆ. ಆದ್ದರಿಂದ ಎರಡೂ ರೀತಿಯಲ್ಲಿ ಓಡಿಸಿ, ಅನುಮಾನದ ಜಾಗಗಳನ್ನು ಐಜಿವಿ ಎಂಬ ವೀಕ್ಷಣೆಯ ಪ್ರೋಗ್ರಾಂನಲ್ಲಿ ಕಣ್ಣಾರೆ ನೋಡಿ, ಒಂದೇ ಕಾಲೊನಿಯಿಂದ ಮತ್ತೆ ಬೆಳೆಸಿ. ಜೊತೆಗೆ ರೆಫರೆನ್ಸ್ ಫೈಲಿನಲ್ಲಿರುವ ಕ್ರೋಮೊಸೋಮ್ ಹೆಸರೂ ವಂಶವಾಹಿ ಪಟ್ಟಿಯಲ್ಲಿರುವ ಹೆಸರೂ ಅಕ್ಷರಶಃ ಒಂದೇ ಇವೆಯೇ ಎಂದು ನೋಡಿ. ಬೇರೆಯಾಗಿದ್ದರೆ ದೋಷವೇ ಬಾರದೆ ಖಾಲಿ ಫಲಿತಾಂಶ ಬರುತ್ತದೆ.

ಪ್ರಶ್ನೆ: ನಮ್ಮ ಆಸ್ಪತ್ರೆಯ ರೋಗಿಗಳ ಜೀನೋಮ್ ದತ್ತಾಂಶವನ್ನು ಹೆಸರು ತೆಗೆದು ತರಬೇತಿಗೆ ಬಳಸಬಹುದೆ? (ವೈದ್ಯರು, ಹುಬ್ಬಳ್ಳಿ)

ಉತ್ತರ: ಬಳಸಬೇಡಿ. ಹೆಸರು ತೆಗೆದರೂ ಜೀನೋಮ್ ಒಬ್ಬ ವ್ಯಕ್ತಿಯ ಗುರುತೇ, ಆತನ ಬಂಧುಗಳದೂ ಹೌದು. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ 20 ಲ್ಯಾಪ್‌ಟಾಪ್‌ಗಳಿಗೆ ನಕಲು ಮಾಡಲು ಕೊಟ್ಟ ಒಪ್ಪಿಗೆಯಲ್ಲ. ಜೀನೋಮ್ ಇಂಡಿಯಾ ಯೋಜನೆಯ 10,000 ಜೀನೋಮ್‌ಗಳು ಕೂಡ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿವೆ, ಅರ್ಜಿ ಹಾಕಿ ಅನುಮತಿ ಪಡೆದವರಿಗೆ ಮಾತ್ರ. ತರಬೇತಿಗೆ ‘ಜೀನೋಮ್ ಇನ್ ಎ ಬಾಟಲ್’ ಯೋಜನೆಯ ಎಚ್‌ಜಿ002 ಎಂಬ ಮುಕ್ತ ಮಾನವ ಮಾದರಿ ಸಾಕು. ಅದರ ಸರಿಯುತ್ತರವೂ ಪ್ರಕಟವಾಗಿರುವುದರಿಂದ, ಅಭ್ಯರ್ಥಿಗಳು ತಾವು ಎಷ್ಟು ರೂಪಾಂತರಗಳನ್ನು ತಪ್ಪಿಸಿಕೊಂಡರು, ಎಷ್ಟನ್ನು ಸುಳ್ಳಾಗಿ ಕಂಡರು ಎಂದು ಎಣಿಸಬಹುದು. ಇಡೀ ಜೀನೋಮ್ ಬೇಡ, 20ನೇ ಕ್ರೋಮೊಸೋಮ್ ಒಂದನ್ನೇ ಕೊಡಿ.

ಪ್ರಶ್ನೆ: ಕಾರ್ಯಾಗಾರ ಮುಗಿದು ತಿಂಗಳಾದರೆ ಎಲ್ಲವೂ ಮರೆಯುತ್ತದೆ. ಮನೆಯಲ್ಲಿ ಏನು ಅಭ್ಯಾಸ ಮಾಡಲಿ? (ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಮುಗಿದ ಒಂದು ವಾರದೊಳಗೆ ಇಡೀ ವಿಶ್ಲೇಷಣೆಯನ್ನು ಬೇರೆ ದತ್ತಾಂಶದ ಮೇಲೆ ಒಬ್ಬರೇ ಮಾಡಿ. 1988ರಿಂದ ನಡೆಯುತ್ತಿರುವ, ರಿಚರ್ಡ್ ಲೆನ್ಸ್ಕಿ ಆರಂಭಿಸಿದ ಇ. ಕೋಲೈ ವಿಕಾಸದ ಪ್ರಯೋಗದ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ. ಡೇಟಾ ಕಾರ್ಪೆಂಟ್ರಿಯ ಜೀನೋಮಿಕ್ಸ್ ಪಾಠದಲ್ಲಿ ಅದರ 5,000, 15,000 ಮತ್ತು 50,000ನೇ ತಲೆಮಾರಿನ ಮೂರು ಮಾದರಿಗಳನ್ನು ಬಳಸುತ್ತಾರೆ. ಮೂರರಲ್ಲೂ ರೂಪಾಂತರಗಳನ್ನು ಎಣಿಸಿ. ಕೊನೆಯದರಲ್ಲಿ ಸಂಖ್ಯೆ ಹಲವು ಪಟ್ಟು ಜಿಗಿದಿರುತ್ತದೆ. ಅದು ನಿಮ್ಮ ತಪ್ಪೋ, ಬ್ಯಾಕ್ಟೀರಿಯಾದಲ್ಲೇ ಆದ ಬದಲಾವಣೆಯೋ ಎಂದು ಪ್ರತಿ ಮಾದರಿಯ ಆಳ, ಗುಣಮಟ್ಟ, ಹೊಂದಿಕೆಯ ಶೇಕಡಾವಾರು ನೋಡಿ ನೀವೇ ನಿರ್ಧರಿಸಿ. ಆಮೇಲೆ ಡಿಎನ್‌ಎ ತಿದ್ದುಪಡಿಯ ವಂಶವಾಹಿಗಳಲ್ಲಿ ಏನಾಗಿದೆ ಎಂದು ಹುಡುಕಿ.

ಮಾಡುವಾಗ ಪ್ರತಿ ಆದೇಶವನ್ನೂ ಅದರ ಟೂಲ್‌ನ ಆವೃತ್ತಿ ಸಮೇತ ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ, ಪಕ್ಕದಲ್ಲಿ ಏಕೆ ಮಾಡಿದಿರಿ ಎಂದು ಕನ್ನಡದಲ್ಲೇ ಒಂದು ಸಾಲು. ಕಚ್ಚಾ ಫೈಲುಗಳ ಫೋಲ್ಡರ್ ಅನ್ನು ಓದಲು ಮಾತ್ರ ಸಾಧ್ಯವಾಗುವಂತೆ ಹೊಂದಿಸಿ, ಫಲಿತಾಂಶಗಳಿಗೆ ಬೇರೆ ಫೋಲ್ಡರ್ ಇರಲಿ. ತಿಂಗಳ ಬಳಿಕ ಫಲಿತಾಂಶಗಳ ಫೋಲ್ಡರ್ ಅಳಿಸಿ, ಬರೆದಿಟ್ಟ ಆದೇಶಗಳಿಂದಲೇ ಮತ್ತೆ ಅದೇ ಸಂಖ್ಯೆ ಬರುತ್ತದೆಯೇ ನೋಡಿ. ಬಾರದಿದ್ದರೆ ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಆದೇಶದ ಸಮೇತ ನಮಗೆ ಬರೆಯಿರಿ.